ಎಂಜಿನ್ನು ಬದಲಾದ ಗಾಡಿ

ಎತ್ತು ಬದಲಾದರೆ ಗಾಡಿ ಬದಲಾಯಿತೆಂದು ಯಾರೂ ಹೇಳುವುದಿಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಒಂದು ಗಾಡಿ ತನ್ನ ಆಯುಷ್ಯದಲ್ಲಿ ನಾಲ್ಕಾರು ಜೊತೆ ಎತ್ತುಗಳನ್ನು ಕಾಣುತ್ತಿತ್ತು. ಮುದಿಯಾದ ಜೋಡಿಯನ್ನು ಬಿಚ್ಚಿ, ಜಾತ್ರೆಯಿಂದ ತಂದ ಹೊಸ ಜೋಡಿಯನ್ನು ಹೂಡಿದರೂ ಅದು ಗೌಡರ ಗಾಡಿಯೇ. ಕತ್ತಲಲ್ಲಿ ಅದರ ಗಾಲಿಯ ಸದ್ದು ಕೇಳಿಯೇ ಜನ ಗುರುತು ಹಿಡಿಯುತ್ತಿದ್ದರು. ಗಾಡಿ ಬೇರೆ, ಅದನ್ನು ಎಳೆಯುವುದು ಬೇರೆ ಎಂಬುದು ಕಣ್ಣಿಗೇ ಕಾಣುತ್ತಿದ್ದ ಸಂಗತಿ. ಮೋಟಾರು ಕಾರು ಬಂದು ಈ ಸುಲಭವಾದ ತಿಳಿವಳಿಕೆಯನ್ನು ಕೆಡಿಸಿತು. ಎಳೆಯುವ ಎತ್ತು ಗಾಡಿಯ ಹೊಟ್ಟೆಯೊಳಗೆ ಸೇರಿಕೊಂಡಿತು. ಮೇಲೊಂದು ಮುಚ್ಚಳವೂ ಬಿತ್ತು. ಹೀಗೆ ಒಳಗೆ ಸೇರಿದ ಎತ್ತನ್ನು ತೆಗೆದು ಬೇರೊಂದನ್ನು ಕಟ್ಟಿದರೆ ಉಳಿಯುವುದು ಅದೇ ಗಾಡಿಯೋ, ಬೇರೆ ಗಾಡಿಯೋ?

ಇದು ಹೊತ್ತು ಹೋಗದವರ ತರ್ಕವೆಂದು ವಾಚಕರು ಪುಟ ಮಗುಚಬಾರದು. ಹೊಳೆಹೊನ್ನೂರಿನಲ್ಲಿರುವ ನನ್ನ ಭಾವನವರಿಗೆ ಈ ಪ್ರಶ್ನೆ ಮೊದಲು ಹಣದ ಪ್ರಶ್ನೆಯಾಗಿ ಬಂತು. ಆಮೇಲೆ ಮನಸ್ಸಿನ ಪ್ರಶ್ನೆಯಾಯಿತು. ಅವರ ಮನೆಯಲ್ಲಿ ಒಂದು ಹಳೆಯ ಅಂಬಾಸಿಡರ್ ಕಾರಿದೆ. ಅಡಿಕೆಗೆ ಒಳ್ಳೆಯ ಬೆಲೆ ಬಂದ ಒಂದು ವರ್ಷ ಅವರ ತಂದೆ ಕೊಂಡದ್ದು. ನನ್ನ ಅಕ್ಕ ಮದುವೆಯಾಗಿ ಆ ಮನೆಗೆ ಹೋದದ್ದು ಅದರಲ್ಲಿ. ಅವಳ ಮಕ್ಕಳು ಶಿವಮೊಗ್ಗದ ಆಸ್ಪತ್ರೆಯಿಂದ ಮನೆಗೆ ಬಂದದ್ದು ಅದರಲ್ಲಿ. ಕೊನೆಗೆ ಆ ಹಿರಿಯರನ್ನು ಆಸ್ಪತ್ರೆಗೆ ಒಯ್ದದ್ದೂ ಅದರಲ್ಲೇ. ಇಂಥ ಗಾಡಿಯನ್ನು ತೂಕಕ್ಕೆ ಹಾಕುವ ಮಾತನ್ನು ಆ ಮನೆಯಲ್ಲಿ ಯಾರೂ ಆಡಲಾರರು. ಆದರೆ ಕಳೆದ ಬೇಸಿಗೆಯಲ್ಲಿ ಅದು ಹೊಗೆ ಕಾರತೊಡಗಿತು, ಎಣ್ಣೆ ಕುಡಿಯತೊಡಗಿತು. ಸಣ್ಣ ಏರು ಕಂಡರೂ ನಿಟ್ಟುಸಿರು ಬಿಡತೊಡಗಿತು. ಮೆಕ್ಯಾನಿಕ್ಕು ನೋಡಿ, "ಬೋರು ಪೂರ್ತಿ ಸವೆದಿದೆ" ಎಂದ.

ಇದೇ ಹೊತ್ತಿಗೆ ಯಾರೋ ಒಬ್ಬ ವ್ಯಾಪಾರಿಯ ವಿಳಾಸ ಕೊಟ್ಟರು. ಅವನಲ್ಲಿ ಜಪಾನಿನಿಂದ ಬಂದ ಹಳೆಯ ಎಂಜಿನ್ನೊಂದಿತ್ತು. ಇಸುಜು ಕಂಪನಿಯದು, ಹೆಚ್ಚು ಓಡಿಲ್ಲ, ಅಂಬಾಸಿಡರಿಗೆ ಹೇಳಿ ಮಾಡಿಸಿದಂತೆ ಕೂರುತ್ತದೆ, ಬೆಲೆಯೂ ಮೈಮೇಲೆ ಬೀಳುವಂಥದಲ್ಲ. ಭಾವನವರು, "ಸುಂಕ ಕಟ್ಟಿದ ಕಾಗದ ಇದೆಯೆ?" ಎಂದು ಕೇಳಿದರು. "ಕಾಗದ ಯಾಕೆ ಸ್ವಾಮಿ? ಅದರ ಮೇಲಿರುವ ನಂಬರನ್ನು ಉಜ್ಜಿ ನಿಮ್ಮ ಹಳೆಯ ಎಂಜಿನ್ನಿನ ನಂಬರನ್ನೇ ಹೊಡೆದು ಕೊಡುತ್ತೇವೆ. ಆರ್. ಸಿ. ಪುಸ್ತಕದಲ್ಲಿರುವುದೂ ಅದೇ, ಎಂಜಿನ್ನಿನ ಮೇಲಿರುವುದೂ ಅದೇ. ಕೇಳುವವರು ಯಾರು?" ಎಂದು ಉತ್ತರ ಬಂತು.

ಭಾವನವರು ಈ ಮಾತನ್ನು ನನ್ನ ಮುಂದಿಟ್ಟು, "ನೀನು ನಾಲ್ಕು ಪುಸ್ತಕ ಓದಿದವನು. ಇದರಲ್ಲಿ ತಪ್ಪೇನಿದೆ, ಹೇಳು ನೋಡೋಣ. ಯಾರ ಮನೆಗೂ ಕನ್ನ ಹಾಕಲಿಲ್ಲ. ಎಂಜಿನ್ನು ಬದಲಾಯಿಸಿದರೂ ಕಾರು ನಮ್ಮಪ್ಪನದೇ ತಾನೆ?" ಎಂದರು.

ಮೊದಲು ಎರಡು ಸಣ್ಣ ಆಕ್ಷೇಪಗಳನ್ನು ಬದಿಗಿಡಬೇಕು. ಒಂದನ್ನು ಎತ್ತಿದವರು ಭಾವನವರ ತಾಯಿ. ಎಂಬತ್ತು ದಾಟಿದ ಆ ಹಿರಿಯರು ಜಗುಲಿಯಿಂದಲೇ, "ಯಾರೋ ಉಂಡು ಬಿಟ್ಟದ್ದಂತಲ್ಲ, ಅದು ಎಂಜಿನ್ನೋ ಎಂಜಲೋ?" ಎಂದು ಕೇಳಿದರು. ಎಲ್ಲರೂ ನಕ್ಕೆವು. ಆದರೆ ಮಾತಿನಲ್ಲಿ ತೂಕವಿತ್ತು. ಅನ್ಯರು ಬಳಸಿ ಬಿಟ್ಟದ್ದನ್ನು ತರುವುದರಲ್ಲಿ ಒಂದು ಬಗೆಯ ಹಿಂಜರಿಕೆ ನಮ್ಮ ರಕ್ತದಲ್ಲೇ ಇದೆ. ಆದರೂ ಕಬ್ಬಿಣಕ್ಕೆ ಎಂಜಲಿಲ್ಲ. ಜಪಾನಿನವರು ಗಾಡಿಯನ್ನು ಬಿಡುವುದು ಅದು ಕೆಟ್ಟಿತೆಂದೇ ಅಲ್ಲ. ಅಲ್ಲಿ ಸ್ವಂತದ ಹೊಸ ಕಾರಿಗೆ ಮೂರು ವರ್ಷಕ್ಕೆ ಮೊದಲ ಕಡ್ಡಾಯ ತಪಾಸಣೆ. ಅಲ್ಲಿಂದ ಮುಂದೆ ಎರಡೆರಡು ವರ್ಷಕ್ಕೊಮ್ಮೆ. 'ಷಾಕೆನ್' ಎಂಬ ಈ ತಪಾಸಣೆಯ ಖರ್ಚು ಸಣ್ಣದಲ್ಲ. ಹೀಗಾಗಿ ಇನ್ನೂ ಗಟ್ಟಿಯಾಗಿರುವ ಗಾಡಿಯನ್ನೇ ಕೊಟ್ಟು ಹೊಸದು ತರುವವರು ಬಹಳ. ಅವರು ಬಿಟ್ಟದ್ದು ಹಡಗು ಹತ್ತಿ ನಾನಾ ದೇಶಗಳನ್ನು ಸೇರುತ್ತದೆ. ಹತ್ತು ವರ್ಷ ದುಡಿಯಬಲ್ಲ ಯಂತ್ರ ಕುಲುಮೆಗೆ ಬೀಳುವ ಬದಲು ಇನ್ನೊಂದು ಮನೆಯ ಗಾಡಿಯನ್ನು ಎಳೆದರೆ ಅದು ಮಿತವ್ಯಯವೇ ಹೊರತು ಅವಮಾನವಲ್ಲ.

ಎರಡನೆಯ ಆಕ್ಷೇಪ, ಸ್ವದೇಶದ ಗಾಡಿಗೆ ಪರದೇಶದ ಎಂಜಿನ್ನೇ ಎಂಬುದು. ಇದೂ ನಿಲ್ಲುವುದಿಲ್ಲ. ೧೯೫೦ರ ದಶಕದ ಕೊನೆಯಲ್ಲಿ ರಸ್ತೆಗಿಳಿದು ೨೦೧೪ರಲ್ಲಿ ತಯಾರಿಕೆ ನಿಲ್ಲಿಸಿದ ಅಂಬಾಸಿಡರು ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಭಾವನವರ ತಂದೆ ಅದನ್ನು ಕೊಂಡ ದಿನವೇ ಅದರ ಎಂಜಿನ್ನು ಪರದೇಶದ ನಕ್ಷೆಯದಾಗಿತ್ತು. ಹೊಳೆಹೊನ್ನೂರಿನಿಂದ ಸ್ವಲ್ಪ ದೂರದಲ್ಲೇ ಭದ್ರಾವತಿಯಿದೆ. ಬೆಂಕಿಪುರವೆಂದು ಹಳೆಯ ಹೆಸರು. ಅಲ್ಲಿ ಮೈಸೂರು ಸರ್ಕಾರ ಕಬ್ಬಿಣದ ಕಾರ್ಖಾನೆ ಕಟ್ಟಿದಾಗ ಸಲಹೆ ಕೊಟ್ಟವರು ಅಮೆರಿಕದ ಪೆರಿನ್. ೧೯೨೩ರಲ್ಲಿ ಕುಲುಮೆ ಹೊತ್ತಿತು; ಅದೇ ವರ್ಷ ವಿಶ್ವೇಶ್ವರಯ್ಯನವರು ಅದರ ಆಡಳಿತ ಮಂಡಲಿಯ ಅಧ್ಯಕ್ಷತೆ ವಹಿಸಿದರು. ಕಬ್ಬಿಣ ಬಂದ ಮೇಲೆ ಕಾರೂ ನಮ್ಮಲ್ಲೇ ಆಗಬೇಕೆಂದು ಅವರು ೧೯೩೦ರ ದಶಕದಲ್ಲಿ ಹಟ ಹಿಡಿದರು. ಪರದೇಶಗಳಿಗೆ ಹೋಗಿ ಕಾರಿನ ಕಾರ್ಖಾನೆಗಳನ್ನು ನೋಡಿ ಬಂದರು. ವಾಲ್‌ಚಂದ್ ಹೀರಾಚಂದರ ಜೊತೆ ಬೆಂಗಳೂರಿನಲ್ಲಿ ಮೋಟಾರು ಕಾರ್ಖಾನೆ ತೆರೆಯಲು ಪ್ರಯತ್ನಿಸಿದರು. ಅಂದಿನ ಬ್ರಿಟಿಷ್ ಆಡಳಿತದ ಬೆಂಬಲ ದೊರೆಯದೆ ಅದು ಕೈಗೂಡಲಿಲ್ಲ. ಮುಂದೆ ೧೯೪೪ರಲ್ಲಿ ವಾಲ್‌ಚಂದರು ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿಯನ್ನು ಸ್ಥಾಪಿಸಿದರು. ಕಲಿಯಬೇಕಾದ್ದನ್ನು ಎಲ್ಲಿಂದಲಾದರೂ ಕಲಿ, ತರಬೇಕಾದ್ದನ್ನು ಎಲ್ಲಿಂದಲಾದರೂ ತಾ ಎಂಬುದಕ್ಕೆ ವಿಶ್ವೇಶ್ವರಯ್ಯನವರ ಜೀವನವೇ ಸಾಕ್ಷಿ. ಜಪಾನಿನ ಕಬ್ಬಿಣ ಎಂಬ ಕಾರಣಕ್ಕೆ ನಾನು ಬೇಡವೆನ್ನಲಾರೆ.

ಇನ್ನು ಭಾವನವರ ವಾದಕ್ಕೆ ಬರೋಣ. ಅವರ ಪಕ್ಷದಲ್ಲಿ ದೊಡ್ಡವರಿದ್ದಾರೆ. 'ಮಿಲಿಂದಪ್ರಶ್ನೆ' ಎಂಬ ಪಾಲಿ ಗ್ರಂಥದಲ್ಲಿ ಯವನ ರಾಜ ಮಿಲಿಂದನನ್ನು ನಾಗಸೇನ ಭಿಕ್ಷು ಕೇಳುತ್ತಾನೆ: ಅರಸನೆ, ನೀನು ರಥದಲ್ಲಿ ಬಂದೆಯಷ್ಟೆ, ಮೂಕಿ ರಥವೇ, ಅಚ್ಚು ರಥವೇ, ಗಾಲಿ ರಥವೇ, ನೊಗ ರಥವೇ? ಯಾವುದೂ ಅಲ್ಲ. ಎಲ್ಲವನ್ನೂ ಬಿಟ್ಟು ರಥವೆಂಬುದು ಬೇರೆ ಇದೆಯೇ? ಅದೂ ಇಲ್ಲ. ಹಾಗಾದರೆ ಈ ಭಾಗಗಳು ಕೂಡಿದಾಗ ನಾವು ಇಡುವ ಹೆಸರೇ ರಥ. ಆ ಪಟ್ಟಿಯಲ್ಲಿ ಕುದುರೆಯ ಹೆಸರಿಲ್ಲ ಎಂಬುದನ್ನು ನಾನು ಭಾವನವರಿಗೆ ತೋರಿಸಿದೆ. ಅವರಿಗೆ ಅದು ಬಹಳ ಹಿಡಿಸಿತು: "ನೋಡಿದೆಯಾ, ಎಳೆಯುವುದು ಲೆಕ್ಕಕ್ಕೇ ಇಲ್ಲ!" ಗ್ರೀಕರಲ್ಲಿಯೂ ಇದೇ ಮಾತಿನ ಇನ್ನೊಂದು ರೂಪವಿದೆ. ಥೀಸಿಯಸ್ ಎಂಬ ವೀರನ ಹಡಗನ್ನು ಅಥೆನ್ಸಿನವರು ಬಹುಕಾಲ ಕಾಪಾಡಿದರಂತೆ. ಹಲಗೆ ಲಡ್ಡಾದಾಗಲೆಲ್ಲ ಅದನ್ನು ತೆಗೆದು ಹೊಸ ಹಲಗೆ ಜೋಡಿಸಿದರು. ಅದು ಅದೇ ಹಡಗೆಂದು ಕೆಲವು ಪಂಡಿತರು, ಅಲ್ಲವೆಂದು ಕೆಲವರು ವಾದಿಸುತ್ತಿದ್ದರೆಂದು ಪ್ಲೂಟಾರ್ಕ್ ಬರೆದಿದ್ದಾನೆ. ಎರಡು ಸಾವಿರ ವರ್ಷದ ಮೇಲೂ ಪಂಡಿತರು ಒಪ್ಪಂದಕ್ಕೆ ಬಂದಿಲ್ಲ.

ಹಾಗಾದರೆ ಭಾವನವರು ಗೆದ್ದಂತೆಯೇ? ಒಂದು ಮಟ್ಟಿಗೆ ಹೌದು. ಅಕ್ಕ ಆ ಕಾರಿನ ಬಾಗಿಲು ತೆರೆದು ಒಳಗೆ ಕೂತಾಗ ಅವಳ ಮದುವೆಯ ನೆನಪು ಎಂಜಿನ್ನಿನ ನಂಬರನ್ನು ಕೇಳುವುದಿಲ್ಲ. ಅವಳ ಪಾಲಿಗೆ ಅದು ಅದೇ ಕಾರು. ಆದರೆ ವಾದವನ್ನು ಇಲ್ಲಿಗೇ ನಿಲ್ಲಿಸಲಾಗದು. ನಾಗಸೇನ ಉತ್ತರ ಕೊಟ್ಟದ್ದು ಎದುರಿಗಿದ್ದ ರಾಜನಿಗೆ, ರಥ ಎದುರಿಗೇ ನಿಂತಿತ್ತು, ಏನೂ ಮುಚ್ಚಿರಲಿಲ್ಲ. ಅಥೆನ್ಸಿನವರು ಹಲಗೆ ಬದಲಾಯಿಸಿದ್ದೂ ಊರಿಗೆಲ್ಲ ಗೊತ್ತಿತ್ತು. ಗೊತ್ತಿದ್ದರಿಂದಲೇ ವಾದ ಹುಟ್ಟಿತು. ಹಲಗೆಯ ಸುದ್ದಿಯನ್ನೇ ಬಚ್ಚಿಟ್ಟಿದ್ದರೆ ಅಲ್ಲಿ ತತ್ತ್ವಪ್ರಶ್ನೆಯೇ ಇರುತ್ತಿರಲಿಲ್ಲ, ಬರಿಯ ಮೋಸವಿರುತ್ತಿತ್ತು.

ನಮ್ಮಲ್ಲಿ ಇದಕ್ಕೆ ಇನ್ನೂ ಹತ್ತಿರದ ದೃಷ್ಟಾಂತವಿದೆ. ದೇವಸ್ಥಾನ ಶಿಥಿಲವಾದಾಗ ಜೀರ್ಣೋದ್ಧಾರ ಮಾಡುತ್ತೇವೆ. ಕಂಬ ಬದಲಾಗುತ್ತದೆ, ಚಾವಣಿ ಬದಲಾಗುತ್ತದೆ. ಮೂರ್ತಿಯನ್ನು ಅಲುಗಿಸಬೇಕಾದರೆ ಕಲಾಕರ್ಷಣ ಮಾಡಿ, ದೇವರ ಕಳೆಯನ್ನು ಕುಂಭಕ್ಕೆ ಇಳಿಸಿ, ಕೆಲಸ ಮುಗಿದ ಮೇಲೆ ಮತ್ತೆ ಪ್ರತಿಷ್ಠೆ ಮಾಡುತ್ತಾರೆ. ಇಷ್ಟೆಲ್ಲ ಆದರೂ ದೇವರು ಅದೇ ದೇವರು, ಗುಡಿ ಅದೇ ಗುಡಿ. ಏಕೆ? ಆದದ್ದೆಲ್ಲ ಹತ್ತು ಜನರ ಎದುರಿಗೆ ಆಯಿತು. ಹಿಂದಿನವರಂತೂ ಇಂಥ ವರ್ಷ, ಇಂಥವನು, ಇಂಥದನ್ನು ಕಟ್ಟಿಸಿದನು ಎಂದು ಕಲ್ಲಿನ ಮೇಲೆ ಬರೆಸುತ್ತಿದ್ದರು. ಬದಲಾವಣೆಯನ್ನು ಒಪ್ಪಿಕೊಂಡದ್ದರಿಂದಲೇ ಅಖಂಡತೆ ಉಳಿಯಿತು.

ಎಂಜಿನ್ನಿನ ಮೇಲೆ ನಂಬರು ಹೊಡೆಯುವುದೂ ಗಟ್ಟಿಯಾದ ವಸ್ತುವಿನ ಮೇಲೆ ಬರೆಯುವ ಒಂದು ಶಾಸನವೇ. ಶಾಸನ ಹಾಕಿಸಿದವನು ನಾನು ಏನನ್ನು ಬದಲಾಯಿಸಿದೆ ಎಂದು ಬರೆಸಿದ. ಈ ವ್ಯಾಪಾರಿ ಏನೂ ಬದಲಾಗಿಲ್ಲ ಎಂದು ಬರೆಯುತ್ತಾನೆ. ಇದು ಹೊಸ ವಿದ್ಯೆಯಲ್ಲ. ಹಿಂದೆಯೂ ದತ್ತಿಯ ಆಸೆಗೆ ಸುಳ್ಳು ತಾಮ್ರಪಟ ಬರೆಸಿದವರಿದ್ದರು. ಅವನ್ನು ಕೂಟಶಾಸನ ಎನ್ನುತ್ತಾರೆ. ಗಂಗ ಅರಸರ ತಾಮ್ರಶಾಸನಗಳಲ್ಲಿ ಹಲವು ಕೂಟವೆಂದು ಫ್ಲೀಟ್ ಸಾಹೇಬರು ವಾದಿಸಿದರು. ರೈಸ್ ಅವರು ಒಪ್ಪಲಿಲ್ಲ. ಇಬ್ಬರಿಗೂ ದೀರ್ಘಕಾಲ ವಾಗ್ವಾದ ನಡೆಯಿತು. ಸುಳ್ಳು ಪಟ ಮಾಡಿದ ದೊಡ್ಡ ಕೇಡು ಇದೇ: ನಿಜವಾದ ಪಟವನ್ನೂ ಅದು ಸಂಶಯದ ಕಟಕಟೆಗೆ ತಂದು ನಿಲ್ಲಿಸಿತು. ಉಜ್ಜಿ ಹೊಡೆದ ನಂಬರುಗಳು ಹೆಚ್ಚಿದಷ್ಟೂ ಪ್ರಾಮಾಣಿಕನ ಕಾರನ್ನೂ ಹಾಗೆಯೇ ಭೂತಗನ್ನಡಿ ಹಿಡಿದು ನೋಡಬೇಕಾಗುತ್ತದೆ.

ಭಾವನವರು ಸುಲಭಕ್ಕೆ ಬಿಡಲಿಲ್ಲ. "ನೀನು ಹೇಳುವ ನೇರ ದಾರಿ ಎಲ್ಲಿದೆಯಪ್ಪ? ತೋರಿಸು, ಅದರಲ್ಲೇ ಹೋಗುತ್ತೇನೆ" ಎಂದರು. ಇದು ನ್ಯಾಯವಾದ ಪ್ರಶ್ನೆ. ಹಳೆಯ ಸರಕನ್ನು ಪರದೇಶದಿಂದ ತರಿಸಲು ನಮ್ಮಲ್ಲಿ ನಿರ್ಬಂಧವಿದೆ. ಎಂಜಿನ್ನಿನಂಥ ಬಿಡಿಭಾಗಕ್ಕೆ ಪರವಾನಗಿ ಬೇಕು. ೧೯೮೮ರ ಮೋಟಾರು ವಾಹನ ಕಾಯಿದೆಯ ೫೨ನೆಯ ಪ್ರಕರಣದಂತೆ, ತಯಾರಕರು ಮೊದಲು ಕೊಟ್ಟ ವಿವರಗಳಿಗೆ ಭಿನ್ನವಾಗುವ ಹಾಗೆ ಮಾಲೀಕನು ವಾಹನವನ್ನು ಮಾರ್ಪಡಿಸಕೂಡದು. ೨೦೧೯ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಬಿಗಿಯಾಗಿಯೇ ಎತ್ತಿ ಹಿಡಿಯಿತು. ಅಂದಮೇಲೆ, ತಂದೆಯ ಕಾರನ್ನು ಉಳಿಸಬೇಕೆಂಬ ಬಡಪಾಯಿಗೆ ನೇರ ದಾರಿ ಬಲು ಕಿರಿದು. ಕಾಯಿದೆ ಮಿತವ್ಯಯಿಗೆ ಕಠಿನವಾಗಿದೆ ಎಂದರೆ ನಾನು ಅಲ್ಲಗಳೆಯುವುದಿಲ್ಲ.

ಆದರೆ ಕಾಯಿದೆಯ ಕಾಠಿಣ್ಯಕ್ಕೂ ಒಂದು ಕಾರಣವಿದೆ. ಹಳೆಯ ಎಂಜಿನ್ನು ೧೪೮೯ ಘನ ಸೆಂಟಿಮೀಟರಿನದು, ಬರುವುದು ೧೮೧೭ರದು. ಹಳೆಯ ಬ್ರೇಕು ಹಳೆಯ ಎಂಜಿನ್ನಿನ ವೇಗಕ್ಕೆ ತಕ್ಕಂತೆ ಅಳೆದು ಮಾಡಿದ್ದು. ಎಳೆಯುವ ಶಕ್ತಿ ಹೆಚ್ಚಿ ನಿಲ್ಲುವ ಶಕ್ತಿ ಹಾಗೆಯೇ ಉಳಿದರೆ, ಅದರ ಬೆಲೆಯನ್ನು ರಸ್ತೆಯ ಬದಿಯಲ್ಲಿ ಶಾಲೆಗೆ ಹೋಗುತ್ತಿರುವ ಮಗು ತೆರಬೇಕಾದೀತು. ಇದೇ ಇಸುಜು ಎಂಜಿನ್ನನ್ನು ೧೯೯೦ರ ದಶಕದಲ್ಲಿ ಹಿಂದೂಸ್ಥಾನ್ ಮೋಟಾರ್ಸ್ ಕಂಪನಿಯೇ ಅಂಬಾಸಿಡರಿಗೆ ಕೂರಿಸಿ ಮಾರಿತು. ಅದನ್ನು ಯಾರೂ ಮೋಸವೆನ್ನಲಿಲ್ಲ. ಕಂಪನಿ ಮಾಡಿದ್ದೂ ಎಂಜಿನ್ನಿನ ಬದಲಾವಣೆಯೇ. ಈ ವ್ಯಾಪಾರಿ ಮಾಡಹೊರಟದ್ದೂ ಅದೇ. ಕಂಪನಿ ಅದನ್ನು ಪರೀಕ್ಷೆಗೊಡ್ಡಿ, ಹೆಸರು ಹೇಳಿ, ಪುಸ್ತಕದಲ್ಲಿ ಬರೆದು ಮಾರಿತು. ಧರ್ಮ ಅಧರ್ಮಗಳ ಗೆರೆ ಕಬ್ಬಿಣದಲ್ಲಿಲ್ಲ; ಅದರ ಮೇಲೆ ಬರೆದ ಮಾತಿನಲ್ಲಿದೆ.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಎಂಜಿನ್ನಿನ ನಂಬರು ಮಾಲೀಕನಿಗಾಗಿ ಇರುವುದಲ್ಲ. ಅವನಿಗೆ ತನ್ನ ಕಾರು ನಂಬರಿಲ್ಲದೆಯೂ ಗೊತ್ತು. ಅದು ಇರುವುದು ಅಪರಿಚಿತರಿಗಾಗಿ. ನಾಳೆ ಆ ಕಾರನ್ನು ಕೊಳ್ಳುವವನಿಗೆ, ಅಪಘಾತವಾದರೆ ಪರಿಹಾರ ಕೇಳುವವನಿಗೆ, ಕಳುವಾದ ಗಾಡಿಯನ್ನು ಹುಡುಕುವವನಿಗೆ ಅದೊಂದು ಸಾಕ್ಷಿ. ಕಾಗದವಿಲ್ಲದ ಎಂಜಿನ್ನು ಜಪಾನಿನಿಂದಲೇ ಬಂತೆಂದು ಹೇಳುವವರು ಯಾರು? ಅದೇ ವ್ಯಾಪಾರಿ. ಅದು ಯಾವುದೋ ಊರಿನಲ್ಲಿ, ಯಾರದೋ ಮನೆಯ ಮುಂದಿನಿಂದ, ಒಂದು ರಾತ್ರಿ ಮಾಯವಾದ ಗಾಡಿಯದಾಗಿದ್ದರೆ? ಅವನು ಉಜ್ಜಿ ಅಳಿಸುವ ಅಂಕಿಗಳೇ ಆ ಮನೆಯವನು ಠಾಣೆಯಲ್ಲಿ ಬರೆಸಿಬಂದ ಅಂಕಿಗಳಾಗಿದ್ದರೆ? "ಯಾರ ಮನೆಗೂ ಕನ್ನ ಹಾಕಲಿಲ್ಲ" ಎನ್ನುವ ಧೈರ್ಯ ನಮಗೆ ಎಲ್ಲಿಂದ ಬರಬೇಕು? ನಾವು ಕನ್ನ ಹಾಕಲಿಲ್ಲ, ನಿಜ; ಕನ್ನದ ಗುರುತನ್ನು ಒರೆಸುವವನಿಗೆ ಕೂಲಿ ಕೊಟ್ಟೆವು.

ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದುಂಟು. ಅಲ್ಲಿ ಮುಚ್ಚಿರುವುದು ಬೆಲೆ ಮಾತ್ರ. ಎತ್ತು ಬಯಲಲ್ಲಿ ನಿಂತಿರುತ್ತದೆ. ಯಾರು ಬೇಕಾದರೂ ಬಾಯಿ ತೆರೆಸಿ ಹಲ್ಲು ನೋಡಬಹುದು. ಇಲ್ಲಿ ಬೆಲೆ ಬಯಲಲ್ಲಿದೆ, ಎತ್ತೇ ಟವೆಲಿನ ಕೆಳಗಿದೆ.

ಹೊಳೆಹೊನ್ನೂರು ಇಂಥ ಪ್ರಶ್ನೆಗೆ ಅಪರಿಚಿತವಾದ ಊರಲ್ಲ. ಉತ್ತರಾದಿ ಮಠದ ಸತ್ಯಧರ್ಮತೀರ್ಥರ ಬೃಂದಾವನ ಅಲ್ಲಿ ಭದ್ರೆಯ ದಡದಲ್ಲಿದೆ. ಮಧ್ವಮತದವರು ಐದು ಭೇದಗಳನ್ನು ಹೇಳುತ್ತಾರೆ. ಜಡಕ್ಕೂ ಜಡಕ್ಕೂ ಇರುವ ಭೇದ ಅದರಲ್ಲೊಂದು. ಒಂದು ಕಲ್ಲು ಇನ್ನೊಂದು ಕಲ್ಲಲ್ಲ, ಒಂದು ಕಬ್ಬಿಣದ ಗಟ್ಟಿ ಇನ್ನೊಂದಲ್ಲ. ನೂರು ಸಲ ಒಂದೇ ನಂಬರು ಹೊಡೆದರೂ ಎರಡು ಎಂಜಿನ್ನು ಒಂದಾಗುವುದಿಲ್ಲ. "ಹಾಗಾದರೆ ನಾನು ಅದ್ವೈತಿಯಾಗಿಬಿಡುತ್ತೇನೆ" ಎಂದು ಭಾವನವರು ನಕ್ಕರು. ಹತ್ತಿರದ ಕೂಡಲಿಯಲ್ಲಿ ಶೃಂಗೇರಿ ಪರಂಪರೆಯ ಮಠವೂ ಇದೆಯಷ್ಟೆ! ಆದರೆ ಅಲ್ಲಿಯೂ ಅವರಿಗೆ ಆಶ್ರಯ ಸಿಗದು. ಪರಮಾರ್ಥದಲ್ಲಿ ಭೇದವಿಲ್ಲವೆಂದ ಅದ್ವೈತಿ, ವ್ಯವಹಾರದಲ್ಲಿ ಹಗ್ಗವನ್ನು ಹಗ್ಗವೆಂದೇ, ಹಾವನ್ನು ಹಾವೆಂದೇ ಹೇಳಬೇಕೆನ್ನುತ್ತಾನೆ. ಆರ್. ಸಿ. ಪುಸ್ತಕ ವ್ಯವಹಾರದ ಪುಸ್ತಕ. ಪರಮಾರ್ಥದ ಮಾತನ್ನು ತಂದು ಅದರಲ್ಲಿ ಅಂಟಿಸಲಾಗದು.

ನನಗೆ ತೋರುವುದು ಇಷ್ಟು. "ಅದೇ ಕಾರೇ?" ಎಂಬ ಪ್ರಶ್ನೆಗೆ ಹೌದೆನ್ನುವವನೂ ಸತ್ಯವಂತನಿರಬಹುದು, ಅಲ್ಲವೆನ್ನುವವನೂ ಸತ್ಯವಂತನಿರಬಹುದು. ಸುಳ್ಳು ಹುಟ್ಟುವುದು ಒಬ್ಬನೇ ಮನುಷ್ಯ ಎರಡು ಉತ್ತರಗಳನ್ನೂ ಎರಡು ಜೇಬಿನಲ್ಲಿ ಇಟ್ಟುಕೊಂಡು, ಕೇಳಿದವರ ಮುಖ ನೋಡಿ ಒಂದನ್ನು ತೆಗೆಯುವಾಗ. ಕಚೇರಿಯಲ್ಲಿ, "ಅದೇ ಹಳೆಯ ಎಂಜಿನ್ನು ಸ್ವಾಮಿ"; ಗಿರಾಕಿಯ ಮುಂದೆ, "ಜಪಾನಿನ ಎಂಜಿನ್ನು, ಹೇಗೆ ಓಡುತ್ತದೆ ನೋಡಿ!" ಇದು ಕಾರಿನ ಮಾತಷ್ಟೇ ಅಲ್ಲ. ಬೇರೆಯವರ ಬರಹವನ್ನು ಒಳಗಿಟ್ಟು ಮೇಲೆ ತನ್ನ ಹೆಸರು ಹೊಡೆಯುವ ಪಂಡಿತ, ಹಳೆಯ ಪಕ್ಷದ ಹೆಸರಿನಲ್ಲಿ ಹೊಸ ಸರಕನ್ನು ಮಾರುವ ರಾಜಕಾರಣಿ, ಮನಸ್ಸು ಪೂರ್ತಿ ಬದಲಾದ ಮೇಲೂ ಹಳೆಯ ಸ್ನೇಹಿತನ ಮುಂದೆ ಹಳೆಯ ಮುಖವನ್ನೇ ತೋರಿಸುವ ನಾವು ನೀವು, ಎಲ್ಲರೂ ಈ ಅಂಗಡಿಯ ಗಿರಾಕಿಗಳೇ. ಬದಲಾಗುವುದು ತಪ್ಪಲ್ಲ, ಬದಲಾಗದೆ ಬದುಕುವಂತೆಯೂ ಇಲ್ಲ. ಬದಲಾದದ್ದನ್ನು ತಿಳಿಯುವ ಹಕ್ಕುಳ್ಳವನಿಗೆ ತಿಳಿಸಿದೆವೇ ಎಂಬುದಷ್ಟೇ ಪ್ರಶ್ನೆ.

ಭಾವನವರು ಒಂದು ವಾರ ಯೋಚಿಸಿದರು. ಕಡೆಗೆ ಜಪಾನಿನ ಆಸೆ ಬಿಟ್ಟು, ಹಳೆಯ ಎಂಜಿನ್ನನ್ನೇ ಇಳಿಸಿ, ಶಿವಮೊಗ್ಗದ ಒಂದು ಲೇತ್ ಅಂಗಡಿಗೆ ಒಯ್ದರು. ಅಲ್ಲಿ ಸಿಲಿಂಡರುಗಳನ್ನು ಕೊರೆಸಿ, ಸ್ವಲ್ಪ ದಪ್ಪನೆಯ ಪಿಸ್ಟನ್ನುಗಳನ್ನು ಹಾಕಿಸಿದರು. ಅಂದುಕೊಂಡದ್ದಕ್ಕಿಂತ ಖರ್ಚು ಹೆಚ್ಚಾಯಿತು. ಬಿಡಿಭಾಗ ಹುಡುಕುವುದರಲ್ಲಿ ತಿಂಗಳುಗಳು ಕಳೆದುವು. ಇಷ್ಟಾಗಿಯೂ ಕಾರು ಮೊದಲಿನಷ್ಟೇ ನಿಧಾನ. ಸತ್ಯ ನಡೆದರೆ ಗಾಡಿ ಬೇಗ ಓಡುತ್ತದೆ ಎಂದು ನಾನು ಹೇಳಿರಲಿಲ್ಲ. ಅವರೂ ಹಾಗೆ ನಿರೀಕ್ಷಿಸಿರಲಿಲ್ಲ. "ನನ್ನ ಮಗ ನಾಳೆ ಇದನ್ನು ಮಾರುವುದಾದರೆ ಏನು ಹೇಳಿ ಮಾರಬೇಕು ಎಂದು ಯೋಚಿಸಿದೆ. ಅಲ್ಲಿಗೆ ತೀರ್ಮಾನವಾಯಿತು" ಎಂದು ಮಾತ್ರ ಹೇಳಿದರು. ನನ್ನ ನಾಗಸೇನನಿಗಿಂತಲೂ ಪ್ಲೂಟಾರ್ಕನಿಗಿಂತಲೂ ಈ ಮಾತು ಸರಳವಾಗಿದೆ, ಬಹುಶಃ ಹೆಚ್ಚು ಉಪಯೋಗಕ್ಕೂ ಬರುತ್ತದೆ.

ಭದ್ರೆ ಹೊಳೆಹೊನ್ನೂರನ್ನು ಬಿಟ್ಟು ಸ್ವಲ್ಪ ಮುಂದೆ ಹೋಗಿ ಕೂಡಲಿಯಲ್ಲಿ ತುಂಗೆಯನ್ನು ಸೇರುತ್ತದೆ. ಅಲ್ಲಿಂದ ಮುಂದಿನ ನೀರು ಯಾರದು? ಅದನ್ನು ತುಂಗೆಯೆಂದೇ ಕರೆದು ಭದ್ರೆಯನ್ನು ಮರೆಸಿಬಿಡಬಹುದಿತ್ತು. ಭದ್ರೆಯೆಂದೇ ಕರೆದು ತುಂಗೆಯನ್ನು ಮರೆಸಲೂಬಹುದಿತ್ತು. ನಮ್ಮ ಹಿರಿಯರು ಎರಡನ್ನೂ ಮಾಡಲಿಲ್ಲ. ಕೂಡಿದ್ದನ್ನು ಕೂಡಿದ್ದೆಂದೇ ಹೇಳುವ ಹೆಸರನ್ನಿಟ್ಟರು.